ಗಣಿತಪ್ರೇಮಿ ಸವಾಯಿ ಜಯಸಿಂಹ

ದಿಲ್ಲಿಯ ಕನಾಟ್ ಪ್ಲೇಸಿನ ಸಮೀಪದಲ್ಲಿರುವ ಜಂತರ್ ಮಂತರನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಕೆಂಪು ಬಣ್ಣದ ಆ ಕಟ್ಟಡಗಳು ಅರಮನೆಯೂ ಅಲ್ಲ, ಕೋಟೆಯೂ ಅಲ್ಲ. ಆಕಾಶವನ್ನು ಅಳೆದು ಲೆಕ್ಕ ಹೇಳುವ ಯಂತ್ರಗಳು. ಗಣಕಯಂತ್ರಗಳಿಗೆ ಮಾರುಹೋಗಿರುವ ಇಂದಿನ ಬಾಲಕ ಬಾಲಿಕೆಯರು ಅವುಗಳನ್ನು ರೂಪಿಸಿದ ಸವಾಯಿ ಜಯಸಿಂಹನ ಜೀವನವನ್ನು ಅವಶ್ಯವಾಗಿ ತಿಳಿಯಬೇಕು.

ಜಯಸಿಂಹನು 1688ರಲ್ಲಿ ಆಂಬೇರಿನ ರಾಜಪೂತ ಮನೆತನದಲ್ಲಿ ಜನಿಸಿದನು. ತಂದೆಯು ತೀರಿಕೊಂಡಾಗ ಅವನಿಗೆ ಕೇವಲ 11 ವರ್ಷ. ಆಟವಾಡುವ ವಯಸ್ಸಿನಲ್ಲಿಯೇ ರಾಜ್ಯದ ಭಾರವೂ ಮೊಗಲ್ ಚಕ್ರವರ್ತಿಯ ದಂಡಯಾತ್ರೆಗಳ ಹೊಣೆಯೂ ಅವನ ಹೆಗಲೇರಿದುವು. ಆದರೂ ಎಳವೆಯಲ್ಲಿ ಹುಟ್ಟಿದ ಗಣಿತದ ಒಲವು ಅವನನ್ನು ಬಿಡಲಿಲ್ಲ.

ಆ ಕಾಲದ ಜ್ಯೋತಿಷಿಗಳಲ್ಲಿ ಯಂತ್ರರಾಜವೆಂಬ ಹಿತ್ತಾಳೆಯ ಉಪಕರಣವಿತ್ತು. ಒಂದರ ಮೇಲೊಂದು ತಿರುಗುವ ತಟ್ಟೆಗಳ ನೆರವಿನಿಂದ, ನಕ್ಷತ್ರದ ಎತ್ತರವನ್ನು ಅಳೆದು, ದೀರ್ಘವಾದ ಲೆಕ್ಕವಿಲ್ಲದೆಯೇ ವೇಳೆಯನ್ನು ಅರಿಯಬಹುದಾಗಿತ್ತು. ಅದನ್ನು ಅಂಗೈಯ ಗಣಕಯಂತ್ರವೆಂದರೆ ತಪ್ಪಾಗದು. ಅದರ ರಚನೆಯನ್ನು ವಿವರಿಸುವ ಸಂಸ್ಕೃತ ಗ್ರಂಥವೊಂದು ಜಯಸಿಂಹನ ಹೆಸರಿನಲ್ಲಿ ಉಂಟು.

ಆದರೆ ಪಂಚಾಂಗದ ಲೆಕ್ಕಕ್ಕೂ ಆಕಾಶದಲ್ಲಿ ಕಾಣುವ ಗ್ರಹಸ್ಥಿತಿಗೂ ಹೊಂದಿಕೆಯಾಗದಿರುವುದನ್ನು ಅವನು ಕಂಡನು. ಚಕ್ರವರ್ತಿ ಮಹಮ್ಮದ್ ಶಹನ ಸಮ್ಮತಿಯಿಂದ ಈ ದೋಷವನ್ನು ತಿದ್ದಲು ತೊಡಗಿದನು. ಮೊದಲು ಮಾಡಿಸಿದ ಲೋಹಯಂತ್ರಗಳು ಅವನಿಗೆ ತೃಪ್ತಿ ಕೊಡಲಿಲ್ಲ. ಚಿಕ್ಕ ಯಂತ್ರದಲ್ಲಿ ಸೂಕ್ಷ್ಮವಾದ ಗೆರೆಗಳಿಗೆ ಸ್ಥಳವಿಲ್ಲ. ಅಚ್ಚು ಸವೆದರೆ ಅಳತೆಯೇ ಜಾರುವುದು. ಆದುದರಿಂದ ಅಲುಗದಂತಹ ಬೃಹದ್ಯಂತ್ರಗಳನ್ನು ಕಲ್ಲು ಗಾರೆಗಳಿಂದಲೇ ಕಟ್ಟಿಸಲು ನಿಶ್ಚಯಿಸಿದನು. ದಿಲ್ಲಿಯ ವೇಧಶಾಲೆಯು 1724ರಲ್ಲಿ ಹೀಗೆ ಉದಯಿಸಿತು.

ಅಲ್ಲಿನ ಸಮ್ರಾಟ್ ಯಂತ್ರದ ಎತ್ತರ ಸುಮಾರು 70 ಅಡಿ. ಅದರ ಓರೆಗೋಡೆಯು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿದೆ. ಆ ಕಾರಣದಿಂದ ಗೋಡೆಯ ನೆರಳು ಇಕ್ಕೆಲದ ಕಮಾನುಗಳ ಮೇಲೆ ಗಂಟೆಗೆ 15 ಡಿಗ್ರಿಗಳಂತೆ ಒಂದೇ ವೇಗದಿಂದ ಸರಿಯುವುದು. ಇಂದು ಪ್ರೋಗ್ರಾಂ ಬರೆಯುವವರು ಲೆಕ್ಕದ ನಿಯಮವನ್ನು ಅಕ್ಷರಗಳಲ್ಲಿ ಇಡುವರು. ಜಯಸಿಂಹನು ಅದನ್ನು ಗೋಡೆಯ ಓರೆಯಲ್ಲಿ ಇಟ್ಟನು.

ತನ್ನ ಅಳತೆಯನ್ನೂ ಅವನು ಸುಲಭವಾಗಿ ನಂಬಲಿಲ್ಲ. ದಿಲ್ಲಿಯ ಫಲಿತಾಂಶಗಳನ್ನು ಪರೀಕ್ಷಿಸಲು ಜಯಪುರ, ಉಜ್ಜಯಿನಿ, ಮಥುರಾ, ಕಾಶಿಗಳಲ್ಲಿಯೂ ವೇಧಶಾಲೆಗಳನ್ನು ಕಟ್ಟಿಸಿದನು. ಅವನ ಆಶ್ರಯದಲ್ಲಿ ಜಗನ್ನಾಥ ಪಂಡಿತನು ಯೂಕ್ಲಿಡನ ರೇಖಾಗಣಿತವನ್ನು ಅರಬ್ಬಿಯಿಂದ ಸಂಸ್ಕೃತಕ್ಕೆ ತಂದನು. ಜಯಸಿಂಹನು ಪೋರ್ಚುಗಲ್ ದೇಶಕ್ಕೆ ದೂತರನ್ನು ಕಳುಹಿಸಿ, ಫ್ರಾನ್ಸಿನ ಲಾ ಹೀರನ ಕೋಷ್ಟಕಗಳನ್ನು ತರಿಸಿದನು. ಅವುಗಳಲ್ಲಿ ಚಂದ್ರನ ಸ್ಥಾನ ಅರ್ಧ ಡಿಗ್ರಿಯಷ್ಟು ತಪ್ಪಿರುವುದನ್ನು ಕಂಡುಕೊಂಡನು. ಅವನ ಪರಿಶ್ರಮದ ಫಲವು ಚಕ್ರವರ್ತಿಯ ಹೆಸರಿನ ಪಾರಸಿ ಗ್ರಂಥವಾಗಿ, ಕೋಷ್ಟಕಗಳ ರೂಪದಲ್ಲಿ ಉಳಿಯಿತು.

1743ರಲ್ಲಿ ಜಯಸಿಂಹನು ಕಾಲವಶನಾದನು. ಮಥುರೆಯ ವೇಧಶಾಲೆ ಅಳಿದುಹೋಯಿತು. ದಿಲ್ಲಿಯ ಯಂತ್ರಗಳ ಮೇಲಿನ ಸೂಕ್ಷ್ಮವಾದ ಗೆರೆಗಳೂ ಬಹಳಮಟ್ಟಿಗೆ ಮಾಸಿಹೋದುವು. ಆದರೂ ಅವನ ಶಿಸ್ತು ಹಳೆಯದಾಗಿಲ್ಲ. ತಪ್ಪು ಅಳತೆಯನ್ನು ಒದಗಿಸಿದರೆ ಅತಿವೇಗದ ಗಣಕಯಂತ್ರವೂ ತಪ್ಪು ಉತ್ತರವನ್ನೇ ಕೊಡುವುದು. ಯಂತ್ರದ ಮೋಹವು ಎಲ್ಲ ಮಕ್ಕಳಿಗೂ ಸಹಜ. ಅದರ ಉತ್ತರವನ್ನು ಪರೀಕ್ಷಿಸಿ ತಿದ್ದುವ ತಾಳ್ಮೆ ಬಂದಾಗಲೇ ಆ ಮೋಹವು ವಿದ್ಯೆಯಾಗುವುದು.