ಅಂಗಾಂಶ ಕೃಷಿಯ ಪಿತಾಮಹ ಹಾಬರ್‌ಲಾಂಟ್

ನಗರದ ಮನೆಗಳ ಮೊಗಸಾಲೆಯಲ್ಲಿ ಪುಟ್ಟ ಕುಂಡಗಳಲ್ಲಿಟ್ಟ ದುಂಡನೆಯ ಕಳ್ಳಿಗಿಡಗಳನ್ನು ನಾವೆಲ್ಲರೂ ಕಂಡಿದ್ದೇವೆ. ಅಮೆರಿಕ ಖಂಡಗಳು ಇವುಗಳ ತವರು. ಇವುಗಳಲ್ಲಿ ಹಲವು ಬಲು ನಿಧಾನವಾಗಿ ಬೆಳೆಯತಕ್ಕವು. ಆದರೂ ಇಂದು ಒಂದೇ ಗಿಡದ ಚೂರುಗಳಿಂದ ಪ್ರಯೋಗಶಾಲೆಯ ಗಾಜಿನ ಸೀಸೆಗಳಲ್ಲಿ ನೂರಾರು ಸಸಿಗಳನ್ನು ಪಡೆಯುತ್ತಾರೆ. ಅಂಗಾಂಶ ಕೃಷಿಯೆಂಬ ಈ ವಿದ್ಯೆಗೆ ತಳಹದಿ ಹಾಕಿದವನು ಗಾಟ್ಲೀಬ್ ಹಾಬರ್‌ಲಾಂಟ್. ಆಶ್ಚರ್ಯವೆಂದರೆ, ಆ ತಳಹದಿಯು ಸಫಲವಾಗದ ಒಂದು ಪ್ರಯೋಗವೇ ಆಗಿತ್ತು.

ಹಾಬರ್‌ಲಾಂಟನು ೧೮೫೪ನೆಯ ನವೆಂಬರ್ ೨೮ರಂದು ಹಂಗೆರಿಯಲ್ಲಿ ಜನಿಸಿದನು. ತಂದೆ ಕೃಷಿಶಾಸ್ತ್ರದ ಪ್ರಾಧ್ಯಾಪಕ; ಯೂರೋಪಿನಲ್ಲಿ ಸೋಯಾ ಅವರೆಯ ಬೇಸಾಯಕ್ಕಾಗಿ ಶ್ರಮಿಸಿದವನು. ಮಗನು ವಿಯೆನ್ನಾದಲ್ಲಿ ಸಸ್ಯಶಾಸ್ತ್ರವನ್ನು ಅಭ್ಯಸಿಸಿ ಗ್ರಾಟ್ಸ್ ನಗರದಲ್ಲಿ ಪ್ರಾಧ್ಯಾಪಕನಾದನು. ಸಸ್ಯದ ಒಳರಚನೆಯನ್ನು ಅದು ಮಾಡುವ ಕಾರ್ಯದೊಡನೆ ಸೇರಿಸಿ ವಿವರಿಸಿದ ಆತನ ಗ್ರಂಥವು ೧೮೮೪ರಲ್ಲಿ ಪ್ರಕಟವಾಗಿ ಕೀರ್ತಿಯನ್ನು ತಂದಿತು.

ಸಸ್ಯದ ಪ್ರತಿಯೊಂದು ಜೀವಕೋಶದಲ್ಲಿಯೂ ಇಡೀ ಗಿಡವಾಗಿ ಬೆಳೆಯುವ ಶಕ್ತಿ ಅಡಗಿದೆಯೆಂದು ಆತನು ಊಹಿಸಿದನು. ಎಲೆಯ ಕೋಶಗಳನ್ನು ಬಿಡಿಬಿಡಿಯಾಗಿ ತೆಗೆದು, ಲವಣ ಮತ್ತು ಸಕ್ಕರೆ ಬೆರೆತ ದ್ರವದಲ್ಲಿಟ್ಟು ಕಾದನು. ಅವು ವಾರಗಟ್ಟಲೆ ಬದುಕಿದವು, ಹಿಗ್ಗಿದವು, ಪಿಷ್ಟವನ್ನೂ ತಯಾರಿಸಿದವು. ಆದರೆ ಒಂದಾದರೂ ಒಡೆದು ಎರಡಾಗಲಿಲ್ಲ. ಪೂರ್ಣವಾಗಿ ಬಲಿತ ಕೋಶಗಳನ್ನು ಎಚ್ಚರಿಸುವ ಚೋದಕ ವಸ್ತುಗಳು ಆಗ ಯಾರಿಗೂ ತಿಳಿದಿರಲಿಲ್ಲ. ಬೇರೊಬ್ಬನಾಗಿದ್ದರೆ ಆ ವಿಷಯವನ್ನು ಮುಚ್ಚಿಡುತ್ತಿದ್ದನೇನೋ! ಹಾಬರ್‌ಲಾಂಟನು ೧೯೦೨ರಲ್ಲಿ ತನ್ನ ಆಶೆಯನ್ನೂ ಸೋಲನ್ನೂ ಒಟ್ಟಿಗೆ ಪ್ರಕಟಿಸಿದನು.

ಆತನು ಅಲ್ಲಿಗೇ ನಿಲ್ಲಲಿಲ್ಲ. ಆಲೂಗೆಡ್ಡೆಯ ತೆಳುವಾದ ಹೋಳುಗಳನ್ನು ಪರೀಕ್ಷಿಸಿ, ಆಹಾರವನ್ನು ಸಾಗಿಸುವ ನಾಳದ ಭಾಗವಿದ್ದ ಹೋಳುಗಳಲ್ಲಿ ಕೋಶಗಳು ಒಡೆಯುವುದನ್ನು ೧೯೧೩ರಲ್ಲಿ ತೋರಿಸಿದನು. ಕೋಶವಿಭಜನೆಗೆ ಪ್ರೇರಣೆ ನೀಡುವ ವಸ್ತುವೊಂದಿದೆ ಎಂಬ ಸುಳಿವು ಇದರಿಂದ ದೊರೆಯಿತು.

ಆತನ ಮುಪ್ಪಿನ ದಿನಗಳಲ್ಲಿ ಇತರರು ಆ ದಾರಿಯಲ್ಲಿ ಮುಂದುವರಿದರು. ೧೯೩೪ರಲ್ಲಿ ಅಮೆರಿಕದ ವೈಟ್ ಎಂಬವನು ಟೊಮೇಟೊ ಬೇರಿನ ತುದಿಯನ್ನು ದ್ರವದಲ್ಲಿ ಬೆಳೆಸಿದನು. ೧೯೪೫ನೆಯ ಜನವರಿ ೩೦ರಂದು, ತೊಂಬತ್ತರ ವಯಸ್ಸಿನಲ್ಲಿ, ಹಾಬರ್‌ಲಾಂಟನು ಬರ್ಲಿನ್ನಿನಲ್ಲಿ ತೀರಿಕೊಂಡನು. ಹತ್ತು ವರ್ಷಗಳ ಬಳಿಕ, ೧೯೫೫ರಲ್ಲಿ, ಕೋಶವಿಭಜನೆಯನ್ನು ಪ್ರಚೋದಿಸುವ ಕೈನೆಟಿನ್ ಬೆಳಕಿಗೆ ಬಂದಿತು. ೧೯೬೫ರಲ್ಲಿ ಹೊಗೆಸೊಪ್ಪಿನ ಒಂದೇ ಒಂದು ಕೋಶದಿಂದ ಇಡೀ ಗಿಡವು ಬೆಳೆದು ನಿಂತಿತು. ಊಹೆ ನಿಜವಾಗಿತ್ತು; ನೋಡಲು ಆತನೇ ಇರಲಿಲ್ಲ.

ಕಳ್ಳಿಯ ಪ್ರತಿಯೊಂದು ಮುಳ್ಳುಗೊಂಚಲಿನ ಬುಡದಲ್ಲಿಯೂ ಮಲಗಿದ ಮೊಗ್ಗೊಂದಿರುತ್ತದೆ. ಆ ಚೂರನ್ನು ಸೂಕ್ಷ್ಮಾಣುಗಳಿಲ್ಲದಂತೆ ಶುದ್ಧಗೊಳಿಸಿ, ಲವಣ, ಸಕ್ಕರೆ ಮತ್ತು ಕೈನೆಟಿನ್ನಿನಂಥ ಚೋದಕ ಬೆರೆತ ಲೋಳೆಯ ಮೇಲೆ ಇಡುತ್ತಾರೆ. ಮೊಗ್ಗು ಎಚ್ಚೆತ್ತು ಕುಡಿಯೊಡೆಯುತ್ತದೆ. ಕುಡಿಯಿಂದ ಮತ್ತಷ್ಟು ಕುಡಿಗಳು. ಬೇರು ಬಿಟ್ಟ ಸಸಿಗಳನ್ನು ಮೆಲ್ಲಮೆಲ್ಲನೆ ಹೊರಗಿನ ಗಾಳಿಗೆ ಒಗ್ಗಿಸಿ ಮಣ್ಣಿಗೆ ಇಳಿಸುತ್ತಾರೆ. ಹೀಗೆ ಬೆಳೆಸಿದಷ್ಟೂ ಮೆಕ್ಸಿಕೋ ಮರುಭೂಮಿಯ ಅಪರೂಪದ ಗಿಡಗಳನ್ನು ಕಿತ್ತು ತರುವ ಅಗತ್ಯ ಕಡಿಮೆಯಾಗುತ್ತದೆ.

ವಿದ್ಯಾರ್ಥಿಮಿತ್ರರೇ, ನಮ್ಮ ಪ್ರಯೋಗದ ಪುಸ್ತಕದಲ್ಲಿ ಬಾರದ ಉತ್ತರವನ್ನು ಅಳಿಸಿ, ಪಕ್ಕದವರ ಉತ್ತರವನ್ನು ಬರೆದುಕೊಳ್ಳುವ ಮನಸ್ಸಾದಾಗ ಈ ಮಹನೀಯನನ್ನು ಸ್ಮರಿಸೋಣ. ಆತನು ಕಂಡದ್ದನ್ನು ಕಂಡಂತೆ ಬರೆದಿಟ್ಟುದರಿಂದಲೇ ಮುಂದಿನವರಿಗೆ ದಾರಿ ತೋರಿತು.