ಎಣಿಕೆಯನ್ನು ಮಗುವಿನ ಕೈಗಿತ್ತ ಮರಿಯಾ ಮಾಂಟೆಸರಿ

ನಿಮ್ಮ ಮನೆಯ ಐದು ವರ್ಷದ ಮಗು ಒಂದರಿಂದ ನೂರರವರೆಗೆ ತಡೆಯಿಲ್ಲದೆ ಹೇಳುತ್ತದೆಯೇ? ಸಂತೋಷ. ಈಗ ಅದರ ಮುಂದೆ ಒಂದು ಹಿಡಿ ಹುಣಸೆ ಬೀಜ ಇಟ್ಟು, ಏಳು ಬೀಜ ಕೊಡಲು ಹೇಳಿ ನೋಡಿ. ನನ್ನ ಒಂದನೇ ತರಗತಿಯಲ್ಲಿ ಬಾಯಿಪಾಠ ಒಪ್ಪಿಸಿದ ಎಷ್ಟೋ ಮಕ್ಕಳು ಇಲ್ಲಿ ತಡವರಿಸುತ್ತಾರೆ. ತಪ್ಪು ಮಗುವಿನದಲ್ಲ. ನಾವು ಸಂಖ್ಯೆಗಳ ಹೆಸರು ಕಲಿಸಿದ್ದೇವೆ, ಸಂಖ್ಯೆಯನ್ನು ಕಲಿಸಿಲ್ಲ. ಈ ವ್ಯತ್ಯಾಸವನ್ನು ನೂರು ವರ್ಷಗಳ ಹಿಂದೆಯೇ ಅರಿತು ದಾರಿ ಹುಡುಕಿದ ಮಹಿಳೆಯೊಬ್ಬರನ್ನು ನಿಮಗೆ ಪರಿಚಯಿಸಬೇಕೆಂದಿದ್ದೇನೆ.

ಮರಿಯಾ ಮಾಂಟೆಸರಿ 1870ರ ಆಗಸ್ಟ್ 31ರಂದು ಇಟಲಿಯ ಕಿಯಾರವಲ್ಲೆ ಎಂಬ ಊರಿನಲ್ಲಿ ಜನಿಸಿದರು. ಹೆಣ್ಣುಮಕ್ಕಳು ವೈದ್ಯರಾಗುವುದೇ ಅಪರೂಪವಾಗಿದ್ದ ಕಾಲದಲ್ಲಿ, 1896ರಲ್ಲಿ, ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯ ಪದವಿ ಪಡೆದರು. ಬುದ್ಧಿಮಾಂದ್ಯರೆಂದು ಮೂಲೆಗೆ ತಳ್ಳಲ್ಪಟ್ಟ ಮಕ್ಕಳೊಡನೆ ಕೆಲಸ ಮಾಡುವಾಗ, ಮುಟ್ಟಿ, ಹಿಡಿದು, ಜೋಡಿಸುವ ವಸ್ತುಗಳಿಂದ ಅವರೂ ಕಲಿಯಬಲ್ಲರೆಂಬುದನ್ನು ಕಂಡರು. 1907ರ ಜನವರಿ 6ರಂದು ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಅವರ ಮೊದಲ ಮಕ್ಕಳ ಮನೆ ಆರಂಭವಾಯಿತು. ತಂದೆತಾಯಿ ದುಡಿಯಲು ಹೋದ ಮೇಲೆ ನೋಡುವವರಿಲ್ಲದ ಮಕ್ಕಳೇ ಅಲ್ಲಿನ ವಿದ್ಯಾರ್ಥಿಗಳು.

ಲೆಕ್ಕಕ್ಕೆಂದು ಅವರು ಮಗುವಿನ ಕೈಗೆ ಮೊದಲು ಕೊಟ್ಟದ್ದು ಹತ್ತು ಮರದ ಕೋಲುಗಳು. ಚಿಕ್ಕದು 10 ಸೆಂ.ಮೀ., ದೊಡ್ಡದು ಒಂದು ಮೀಟರ್. ಪ್ರತಿ 10 ಸೆಂ.ಮೀ.ಗೆ ಕೆಂಪು, ನೀಲಿ ಬಣ್ಣ ಬದಲಾಗುತ್ತದೆ. ಕೋಲೇ ಏಕೆ, ಬೀಜ ಸಾಲದೇ ಎಂದು ನೀವು ಕೇಳಬಹುದು. ಬಿಡಿ ಬೀಜ ಎಣಿಸುವ ಪುಟ್ಟ ಮಗು ಐದು ಎಂಬುದನ್ನು ಐದನೆಯ ಬೀಜದ ಹೆಸರೆಂದೇ ತಿಳಿಯಬಹುದು. ಕೋಲಿನಲ್ಲಾದರೋ ಐದು ಒಂದೇ ವಸ್ತುವಾಗಿ ಕೈಗೆ ಸಿಗುತ್ತದೆ. ನಾಲ್ಕರ ಕೋಲಿಗೆ ಒಂದರ ಕೋಲು ಸೇರಿಸಿದರೆ ಅಷ್ಟೇ ಉದ್ದವಾಗುವುದನ್ನು ಮಗು ತಾನೇ ನೋಡುತ್ತದೆ. ಅಂಕಿಗಳು ಆಮೇಲೆ, ಅವನ್ನೂ ಮರಳು ಕಾಗದದಲ್ಲಿ ಕತ್ತರಿಸಿ, ಬೆರಳಿನಿಂದ ಸವರಿ ಕಲಿಯುವಂತೆ ಮಾಡಿದರು.

ನನಗೆ ಬಹಳ ಹಿಡಿಸಿದ್ದು ಕದಿರುಗಳ ಪೆಟ್ಟಿಗೆ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಖಾನೆಗಳು, ಒಟ್ಟು 45 ಕದಿರುಗಳು. ಒಂದು ಖಾನೆಯಲ್ಲಿ ತಪ್ಪಿದರೆ ಕೊನೆಗೆ ಕಡಿಮೆ ಬೀಳುತ್ತದೆ, ಇಲ್ಲವೇ ಉಳಿಯುತ್ತದೆ. ಶಿಕ್ಷಕರು ಗದರಬೇಕಾಗಿಯೇ ಇಲ್ಲ. ಸೊನ್ನೆಯ ಖಾನೆ ಮಾತ್ರ ಸದಾ ಖಾಲಿ. ಸೊನ್ನೆಗಾಗಿ ಒಂದು ಆಟವನ್ನೂ ಆಡಿಸುತ್ತಿದ್ದರು. ತಮ್ಮ ಬಳಿಗೆ ಸೊನ್ನೆ ಸಲ ಬರುವಂತೆ ಮಗುವಿಗೆ ಹೇಳುವರು. ಮಗು ಓಡಿ ಬಂದರೆ, ಅದು ಒಂದು ಸಲವಾಯಿತೆಂದು ತಿಳಿಸುವರು. ಗುಟ್ಟು ತಿಳಿದ ಮೇಲೆ ಮಕ್ಕಳಿಗೆ ಎಲ್ಲಿಲ್ಲದ ಖುಷಿ.

ಹತ್ತು ದಾಟಿದ ಮೇಲೆ ಮಣಿಗಳು: ಬಿಡಿ ಮಣಿ, ಹತ್ತರ ಕಡ್ಡಿ, ನೂರರ ಚೌಕ, ಸಾವಿರದ ಘನ. ನಮ್ಮ ಉರ್ದು ಮಾಧ್ಯಮದ ಮಕ್ಕಳಿಗೆ ಇದರ ಅಗತ್ಯ ಇನ್ನೂ ಹೆಚ್ಚೆಂದು ನನ್ನ ಅನಿಸಿಕೆ. ಕನ್ನಡದ ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತೂ ಒಂಬತ್ತೂ ಕೇಳಿಸುತ್ತವೆ. ಉರ್ದುವಿನ ಉನ್ತೀಸ್‌ನಲ್ಲಿ ಬೀಸ್ ಕೂಡ ಇಲ್ಲ, ನೌ ಕೂಡ ಇಲ್ಲ. ಎರಡು ಹತ್ತರ ಕಡ್ಡಿ, ಒಂಬತ್ತು ಮಣಿ ಎದುರಿಗಿದ್ದರೆ ಮಗುವಿಗೆ ಆ ಗೊಂದಲವಿಲ್ಲ.

1939ರಲ್ಲಿ ಥಿಯೊಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಮಾಂಟೆಸರಿ ಮದರಾಸಿನ ಅಡ್ಯಾರಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿದಾಗ ಬ್ರಿಟಿಷ್ ಸರ್ಕಾರ ಅವರ ಮಗ ಮಾರಿಯೊ ಅವರನ್ನು ಬಂಧನದಲ್ಲಿಟ್ಟು, ತಾಯಿಯ 70ನೇ ಹುಟ್ಟುಹಬ್ಬದಂದು ಬಿಡುಗಡೆ ಮಾಡಿತು. ಯುದ್ಧ ಮುಗಿಯುವವರೆಗೂ ಇಲ್ಲೇ ಉಳಿದು, ಅಡ್ಯಾರ್ ಮತ್ತು ಕೊಡೈಕೆನಾಲಿನಲ್ಲಿದ್ದುಕೊಂಡು ನಮ್ಮ ದೇಶದ ಶಿಕ್ಷಕರಿಗೆ ತರಬೇತಿ ನೀಡಿದರು. 1952ರ ಮೇ 6ರಂದು ಹಾಲೆಂಡಿನಲ್ಲಿ ನಿಧನರಾದರು.

ಅವರ ಸಾಮಗ್ರಿಗಳು ಇಂದು ದುಬಾರಿ, ನಿಜ. ನಾನು 45 ಐಸ್‌ಕ್ರೀಂ ಕಡ್ಡಿ, ಹತ್ತು ರಟ್ಟಿನ ಡಬ್ಬಿಗಳಿಂದ ಕೆಲಸ ನಡೆಸುತ್ತಿದ್ದೇನೆ. ನೀವೂ ಮಾಡಿ ನೋಡಿ. ಒಂಬತ್ತೇ ಡಬ್ಬಿ ಸಾಕೆಂದು ಸೊನ್ನೆಯದನ್ನು ಮಾತ್ರ ಬಿಡಬೇಡಿ.