ಕೆಂಪು ಹರಳಿನ ದೀಪ ಮತ್ತು ಲಿಯೋ ಫೆಂಡರ್

ಇಪ್ಪತ್ತನೆಯ ಶತಮಾನದ ಜನಪ್ರಿಯ ಸಂಗೀತದ ನಾದವನ್ನೇ ಬದಲಿಸಿದವರಲ್ಲಿ ಅಮೆರಿಕದ ಕ್ಲಾರೆನ್ಸ್ ಲಿಯೊನಿಡಾಸ್ ಫೆಂಡರ್ ಒಬ್ಬರು. ಜಗತ್ತು ಅವರನ್ನು ಲಿಯೋ ಫೆಂಡರ್ ಎಂದೇ ಬಲ್ಲದು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕಾಲೇಜಿನಲ್ಲಿ ಅವರು ಓದಿದ್ದು ಲೆಕ್ಕಪತ್ರ ಶಾಸ್ತ್ರವನ್ನು. ಜಮಾ ಖರ್ಚಿನ ನಡುವೆಯೇ ಆಯುಷ್ಯ ಕಳೆದ ನಮ್ಮಂಥವರಿಗೆ ಈ ಸಂಗತಿ ತುಸು ಹೆಮ್ಮೆಯನ್ನೇ ತರುತ್ತದೆ. ಅವರ ಹೆಸರು ಕೇಳಿದೊಡನೆ ಗಿಟಾರ್ ನೆನಪಾಗುವುದು ಸಹಜ. ಆದರೆ ಆ ಗಿಟಾರಿಗೆ ದನಿ ಕೊಡುತ್ತಿದ್ದ ಅವರ ವಾಲ್ವ್ ಆಂಪ್ಲಿಫೈಯರುಗಳ ಫಲಕದ ಮೇಲೆ ಕೆಂಪಾಗಿ ಹೊಳೆಯುತ್ತಿದ್ದ ಹರಳಿನ ದೀಪವೊಂದಿದೆ. ಅದರ ಮೂಲ ಬಣ್ಣವನ್ನು ಉಳಿಸಿಕೊಳ್ಳಬೇಕೋ, ಬೇರೆ ಬಣ್ಣದ ಹರಳು ಹಾಕಬಹುದೋ ಎಂಬ ಚರ್ಚೆ ಹಳೆಯ ವಾದ್ಯಗಳ ಸಂಗ್ರಾಹಕರಲ್ಲಿ ನಡೆಯುತ್ತಲೇ ಬಂದಿದೆ. ಮೇಲುನೋಟಕ್ಕೆ ಕ್ಷುಲ್ಲಕವೆನಿಸುವ ಈ ಚರ್ಚೆ ಫೆಂಡರ್ ಅವರ ಬಾಳಿನ ಒಂದು ವಿಚಿತ್ರ ತಿರುವಿಗೂ ತಳುಕು ಹಾಕಿಕೊಂಡಿದೆ ಎಂದು ನಮಗೆ ತೋರುತ್ತದೆ.

ಅವರು ಹುಟ್ಟಿದ್ದು 1909ರ ಆಗಸ್ಟ್ 10ರಂದು, ದಕ್ಷಿಣ ಕ್ಯಾಲಿಫೋರ್ನಿಯಾದ ಫುಲರ್ಟನ್ ಮತ್ತು ಅನಾಹೈಮ್ ಊರುಗಳ ಸಮೀಪ. ತಂದೆತಾಯಿಗಳದು ಕಿತ್ತಳೆ ತೋಟ. ಎಂಟನೆಯ ವಯಸ್ಸಿನಲ್ಲಿ ಗೆಡ್ಡೆಯೊಂದರ ಕಾರಣದಿಂದ ಎಡಗಣ್ಣನ್ನು ತೆಗೆಯಬೇಕಾಗಿ ಬಂದು, ಬಾಲಕನಿಗೆ ಗಾಜಿನ ಕಣ್ಣನ್ನು ಇರಿಸಲಾಯಿತು. ಮೋಟಾರು ವಾಹನಗಳ ವಿದ್ಯುತ್ ಕೆಲಸದ ಅಂಗಡಿ ನಡೆಸುತ್ತಿದ್ದ ಬಂಧುವೊಬ್ಬರು ಕೈಯಾರೆ ಜೋಡಿಸಿದ್ದ ರೇಡಿಯೋವನ್ನು ಕಂಡಂದಿನಿಂದ ಹುಡುಗನ ಒಲವು ಅತ್ತಲೇ ಹರಿಯಿತು. ಪಿಯಾನೋ, ಸ್ಯಾಕ್ಸೋಫೋನ್‌ಗಳನ್ನು ಕಲಿಯಲು ಯತ್ನಿಸಿದ್ದುಂಟು. ಆದರೆ ಅವರನ್ನು ಸೆಳೆದದ್ದು ರಾಗವಲ್ಲ, ಅದನ್ನು ಹೊರಡಿಸುವ ಯಂತ್ರ.

ಓದು ಮುಗಿದ ಮೇಲೆ ಮಂಜುಗಡ್ಡೆಯ ಕಂಪನಿಯೊಂದರಲ್ಲಿ ಲೆಕ್ಕ ಬರೆದರು. 1934ರಲ್ಲಿ ಎಸ್ತರ್ ಅವರೊಡನೆ ವಿವಾಹವಾಯಿತು. ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕಿಗರಾಗಿದ್ದಾಗ ಆ ಹುದ್ದೆಯೇ ರದ್ದಾಯಿತು. ಬಳಿಕ ಸೇರಿದ ಟೈರ್ ಕಂಪನಿಯ ಕೆಲಸವೂ ಕೆಲವೇ ತಿಂಗಳಲ್ಲಿ ಕೈತಪ್ಪಿತು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ, 1938ರಲ್ಲಿ, 600 ಡಾಲರ್ ಸಾಲ ಮಾಡಿ ಫುಲರ್ಟನ್ನಿನಲ್ಲಿ ರೇಡಿಯೋ ದುರಸ್ತಿಯ ಅಂಗಡಿ ತೆರೆದರು. ಅವರ ಮುಂದಿನ ಕೆಲಸದ ಶೈಲಿಗೆಲ್ಲ ಆ ಅಂಗಡಿಯೇ ಪಾಠಶಾಲೆ. ಯಾವ ಭಾಗ ಬೇಗ ಕೆಡುತ್ತದೆ, ಯಾವುದನ್ನು ಬಿಚ್ಚುವುದು ಕಷ್ಟ, ಯಾವ ಬೆಸುಗೆ ನಿಲ್ಲುತ್ತದೆ ಎಂಬುದನ್ನು ಸಾವಿರಾರು ಕೆಟ್ಟ ಯಂತ್ರಗಳೇ ಅವರಿಗೆ ಕಲಿಸಿದವು.

ಯುದ್ಧಕಾಲದಲ್ಲಿ ಡಾಕ್ ಕಾಫ್‌ಮನ್ ಎಂಬ ಸಂಗೀತಗಾರರ ಜೊತೆಗೂಡಿ ವಿದ್ಯುತ್ ಹವಾಯಿಯನ್ ಗಿಟಾರ್ ಮತ್ತು ಅದಕ್ಕೊಂದು ಆಂಪ್ಲಿಫೈಯರನ್ನು ತಯಾರಿಸಿದರು. ತೊಡೆಯ ಮೇಲಿಟ್ಟು ಉಕ್ಕಿನ ಸರಳಿನಿಂದ ನುಡಿಸುವ ಈ ವಾದ್ಯ ನಮ್ಮ ಮುಂಬಯಿ ಓದುಗರಿಗೆ ಅಪರಿಚಿತವಲ್ಲ. ವಾನ್ ಶಿಪ್ಲೆಯವರು ಹಿಂದಿ ಚಿತ್ರಗೀತೆಗಳನ್ನು ಅದರ ಮೇಲೆ ನುಡಿಸಿದ ಧ್ವನಿಮುದ್ರಿಕೆಗಳು ಒಂದು ತಲೆಮಾರಿನ ಮನೆಮನೆಗಳಲ್ಲಿ ಇದ್ದವು. 1946ರಲ್ಲಿ ಫೆಂಡರ್ ತಮ್ಮದೇ ಕಂಪನಿಯನ್ನು ಆರಂಭಿಸಿದರು. 1951ರಲ್ಲಿ ಟೆಲಿಕ್ಯಾಸ್ಟರ್ ಎಂದು ಹೆಸರಾದ ಗಿಟಾರ್, ಅದೇ ವರ್ಷದ ಪ್ರಿಸಿಷನ್ ಬಾಸ್, 1954ರ ಸ್ಟ್ರಾಟೋಕ್ಯಾಸ್ಟರ್ ಇವುಗಳ ಕಥೆಯನ್ನು ಬಲ್ಲವರು ಬಹಳ. ನಾವು ಆಂಪ್ಲಿಫೈಯರಿಗೇ ಹಿಂದಿರುಗೋಣ.

ಫೆಂಡರ್ ತಾವೇ ನುಡಿಸಲಾರದ ಕಾರಣ ನುಡಿಸುವವರ ಮಾತನ್ನು ಶ್ರದ್ಧೆಯಿಂದ ಕೇಳುತ್ತಿದ್ದರು. ಹೊಸ ಯಂತ್ರವನ್ನು ಸ್ಥಳೀಯ ವಾದ್ಯಗಾರರ ಕೈಗೆ ಕೊಟ್ಟು, ಅವರು ಹೇಳಿದ ದೂರುಗಳಿಗೆ ತಕ್ಕಂತೆ ತಿದ್ದುತ್ತಿದ್ದರು. ಡಿಕ್ ಡೇಲ್ ಎಂಬ ತರುಣ ವಾದಕ ಒಂದಾದ ಮೇಲೊಂದು ಧ್ವನಿವರ್ಧಕವನ್ನು ಸುಟ್ಟುಹಾಕಿದಾಗ, ಆತ ನುಡಿಸುತ್ತಿದ್ದ ನೃತ್ಯಶಾಲೆಗೇ ಹೋಗಿ ಆ ಜನಸಂದಣಿಯ ನಡುವೆ ನಿಂತು ಕೇಳಿ, ಬಳಿಕ ಇನ್ನೂ ಬಲಶಾಲಿಯಾದ ಯಂತ್ರವನ್ನು ರೂಪಿಸಿದರು. 1963ರಲ್ಲಿ ಬಂದ ಟ್ವಿನ್ ರಿವರ್ಬ್ ಇಂದಿಗೂ ಹಲವು ವೇದಿಕೆಗಳಲ್ಲಿ ಕಾಣಸಿಗುವ ಮಾದರಿ.

ಐವತ್ತರ ದಶಕದ ಹಳದಿ ಬಟ್ಟೆ ಹೊದಿಸಿದ ಟ್ವೀಡ್ ಮಾದರಿಗಳಲ್ಲೂ, ಅರವತ್ತರ ದಶಕದ ಕಪ್ಪು ಫಲಕದ ಮಾದರಿಗಳಲ್ಲೂ ಆ ದೀಪ ಕೆಂಪೇ. ಅದು ಫೆಂಡರ್ ಕಾರ್ಖಾನೆಯ ವಿಶೇಷ ತಯಾರಿಕೆಯಲ್ಲ, ರೇಡಿಯೋ ಬಿಡಿಭಾಗಗಳ ವ್ಯಾಪಾರದಲ್ಲಿ ಸಾಮಾನ್ಯವಾಗಿ ದೊರೆಯುತ್ತಿದ್ದ ವಸ್ತು. ಒಳಗಿನ ಬಲ್ಬಿಗೆ ಬಣ್ಣವಿಲ್ಲ. ಬಣ್ಣವಿರುವುದು ಮೇಲಿನ ಪಟ್ಟೆ ಕೊರೆದ ಹರಳಿಗೆ ಮಾತ್ರ. 47ನೇ ನಮೂನೆಯ ಆ ಬಲ್ಬು 6.3 ವೋಲ್ಟಿನಲ್ಲಿ 0.15 ಆಂಪಿಯರ್ ವಿದ್ಯುತ್ತನ್ನು ಬಳಸುತ್ತದೆ. ಹಳೆಯ ವಾಲ್ವ್ ರೇಡಿಯೋಗಳ ಡಯಲ್ಲಿನ ಹಿಂದೆ ಉರಿಯುತ್ತಿದ್ದ ಪುಟ್ಟ ದೀಪಗಳೂ ಇದೇ ಕುಲದವು. ವಾಲ್ವುಗಳ ಒಳಗಿನ ತಂತಿಯನ್ನು ಕಾಯಿಸುವ ಸುರುಳಿಯಿಂದಲೇ ಬಲ್ಬಿಗೂ ವಿದ್ಯುತ್ ಬರುತ್ತದೆ. ಅರವತ್ತರ ದಶಕದ ಹಲವು ಮಾದರಿಗಳಲ್ಲಿ ಗುಂಯ್ ಎಂಬ ಸದ್ದನ್ನು ತಗ್ಗಿಸಲು 100 ಓಮಿನ ಎರಡು ರೆಸಿಸ್ಟರುಗಳನ್ನು ಇದೇ ದೀಪದ ಹಿಡಿಕೆಗೆ ಬೆಸೆದಿರುತ್ತಾರೆ. ಹೀಗಾಗಿ ಈ ದೀಪ ಬರಿಯ ಅಲಂಕಾರವಲ್ಲ.

ಅದು ಹೇಳುವ ಸುದ್ದಿ ಮಾತ್ರ ಅಲ್ಪ. ಕಾಯಿಸುವ ವಿದ್ಯುತ್ ಬಂದಿದೆ ಎಂಬಷ್ಟನ್ನೇ ಅದು ತಿಳಿಸುತ್ತದೆ. ಸ್ಟ್ಯಾಂಡ್‌ಬೈ ಸ್ವಿಚ್ಚಿರುವ ಯಂತ್ರದಲ್ಲಿ ದೀಪ ಬೆಳಗುತ್ತಿದ್ದರೂ ನಾದ ಹೊರಡದು. ಇದಕ್ಕಿಂತ ಮುಖ್ಯವಾದುದು, ದೀಪ ಆರಿದ ಮಾತ್ರಕ್ಕೆ ಒಳಗಿನ ಅಪಾಯ ಆರುವುದಿಲ್ಲ. ಟ್ವಿನ್ ರಿವರ್ಬಿನಂಥ ಯಂತ್ರದ ಕೆಪಾಸಿಟರುಗಳು 400 ವೋಲ್ಟಿಗೂ ಹೆಚ್ಚಿನ ವಿದ್ಯುತ್ತನ್ನು ಸ್ವಲ್ಪ ಕಾಲ ಹಿಡಿದಿಟ್ಟುಕೊಳ್ಳಬಲ್ಲವು. ಮನೆಯ ಅಟ್ಟದ ಮೇಲೆ ಇಂಥ ಹಳೆಯ ಪೆಟ್ಟಿಗೆಯಿರುವವರು ಮಕ್ಕಳ ಕೈಗೆ ತಿರುಪುಳಿ ಕೊಡುವ ಮುನ್ನ ಇದನ್ನು ಅವಶ್ಯ ನೆನೆಯಬೇಕು.

ಹರಳು ಹೊರಗಿನಿಂದಲೇ ತಿರುಗಿಸಿ ಬಿಚ್ಚುವಂಥದು, ಉಪಕರಣವೂ ಬೇಡ. ಆದ್ದರಿಂದಲೇ ನೇರಳೆ, ನೀಲಿ, ಹಸಿರು, ಜೇನುಬಣ್ಣದ ಬದಲಿ ಹರಳುಗಳ ಮಾರಾಟ ಚೆನ್ನಾಗಿ ನಡೆದಿದೆ. ಕಾದ ತಂತಿಯ ಬಲ್ಬಿನ ಬೆಳಕಿನಲ್ಲಿ ಕೆಂಪಿನ ಅಂಶ ಹೆಚ್ಚು, ನೀಲಿಯ ಅಂಶ ಕಡಿಮೆ. ಹಾಗಾಗಿ ಕೆಂಪು ಹರಳು ಕೆಂಡದಂತೆ ಬೆಳಗಿದರೆ, ನೀಲಿ ಹರಳು ಅದೇ ಬಲ್ಬಿನ ಮುಂದೆ ಮಂಕಾಗಿ ಕಾಣುತ್ತದೆ. ಬಲ್ಬಿನ ಬದಲು ಬಿಳಿಯ ಎಲ್‌ಇಡಿ ಹಾಕಿದವರಿಗೆ ಕೆಂಪಿನ ಆ ಬೆಚ್ಚನೆಯ ಕಳೆ ದೊರೆಯುವುದಿಲ್ಲ. ಹರಳಿನ ಬಣ್ಣದಿಂದ ನಾದದಲ್ಲಿ ಎಳ್ಳಷ್ಟೂ ವ್ಯತ್ಯಾಸವಾಗದು ಎಂಬುದು ನಿಜವೇ. ಆದರೆ ಹಳೆಯ ಯಂತ್ರವನ್ನು ಎಲ್ಲವೂ ಮೂಲದ್ದೇ ಎಂದು ಹೇಳಿ ಹೆಚ್ಚಿನ ಬೆಲೆಗೆ ಮಾರುವಾಗ ಬದಲಿ ಹರಳಿನ ಸಂಗತಿಯನ್ನು ಮುಚ್ಚಿಡುವುದು ಸರಿಯೇ? ಲೆಡ್ಜರಿನಲ್ಲಿ ಅಂಕಿ ತಿದ್ದಿದರೆ ಹಳೆಯ ಅಂಕಿ ಕಾಣುವಂತೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕುವುದು ನಮ್ಮ ವೃತ್ತಿಯ ಕಟ್ಟಳೆ. ಕೆಲವು ದುರಸ್ತಿಗಾರರು ತೆಗೆದ ಹಳೆಯ ಭಾಗಗಳನ್ನು ಚೀಲದಲ್ಲಿ ಕಟ್ಟಿ ಯಂತ್ರದೊಡನೆಯೇ ಕೊಡುತ್ತಾರೆ. ಅದು ನಮಗೆ ಒಪ್ಪಿಗೆಯಾಗುವ ರೀತಿ. ಒಣಗಿದ ಕೆಪಾಸಿಟರುಗಳನ್ನು ಬದಲಿಸದೆ ವಿಧಿಯಿಲ್ಲ, ಇಲ್ಲದಿದ್ದರೆ ಯಂತ್ರವೇ ಕೆಟ್ಟೀತು. ಒಡೆಯದ ಹರಳನ್ನು ಬದಲಿಸುವುದಕ್ಕೆ ಅಂಥ ತುರ್ತಿಲ್ಲ.

ಫೆಂಡರ್ ಸ್ವತಃ ಈ ವಿಷಯದಲ್ಲಿ ಮಡಿವಂತರಾಗಿರಲಿಲ್ಲ ಎನ್ನಬೇಕು. ಅವರ ಗಿಟಾರಿನ ಹಿಡಿಯನ್ನು ನಾಲ್ಕು ತಿರುಪುಗಳನ್ನು ಬಿಚ್ಚಿ ಬದಲಿಸಬಹುದಿತ್ತು. ಕಂಪನಿ ತನ್ನ ಯಂತ್ರಗಳ ವಿದ್ಯುತ್ ನಕ್ಷೆಗಳನ್ನೂ ಒದಗಿಸುತ್ತಿತ್ತು. ಕೆಟ್ಟದ್ದನ್ನು ತೆಗೆದು ಹೊಸದನ್ನು ಹಾಕುವುದೇ ಅವರ ಕುಲಧರ್ಮ.

ಆದರೆ ಅವರ ಬಾಳಿನಲ್ಲೇ ಬದಲಿಸಲಾಗದ ಒಂದು ವಸ್ತು ಕೈಬಿಟ್ಟು ಹೋಯಿತು. ಐವತ್ತರ ದಶಕದಿಂದ ಕಾಡುತ್ತಿದ್ದ ಸೈನಸ್ ಸೋಂಕಿನಿಂದ ತಮ್ಮ ಆಯುಷ್ಯ ಮುಗಿಯಿತೆಂದೇ ಅವರು ಭಾವಿಸಿದ್ದರು. 1965ರ ಜನವರಿಯಲ್ಲಿ ಕಂಪನಿಯನ್ನು ಸಿಬಿಎಸ್ ಸಂಸ್ಥೆಗೆ 1.3 ಕೋಟಿ ಡಾಲರಿಗೆ ಮಾರಿದರು. ಕಂಪನಿಯೊಡನೆ ಹೆಸರೂ ಹೋಯಿತು. ಮುಂದೆ ಬೇರೊಬ್ಬ ವೈದ್ಯರ ಚಿಕಿತ್ಸೆಯಿಂದ ಕಾಯಿಲೆ ವಾಸಿಯಾಯಿತು. ಆರೋಗ್ಯ ಮರಳಿತು, ಹೆಸರು ಮರಳಲಿಲ್ಲ. ಸಿಬಿಎಸ್ ಕಾಲದ ಬೆಳ್ಳಿ ಫಲಕದ ಆಂಪ್ಲಿಫೈಯರುಗಳ ಮೇಲೆ ಫೆಂಡರ್ ಎಂಬ ಅಕ್ಷರಗಳು ಹೊಳೆಯುತ್ತಿದ್ದವು, ಆ ಹೆಸರಿನ ಮನುಷ್ಯ ಮಾತ್ರ ಅಲ್ಲಿರಲಿಲ್ಲ. ಅನೇಕ ಸಂಗ್ರಾಹಕರು 1965ಕ್ಕೆ ಮುಂಚಿನದನ್ನೇ ಅಸಲಿಯೆಂದು ಎಣಿಸುವುದು ಇದೇ ಕಾರಣಕ್ಕೆ. 1985ರಲ್ಲಿ ಸಿಬಿಎಸ್ ಅದನ್ನು ಕಂಪನಿಯ ನೌಕರವರ್ಗದವರ ಗುಂಪಿಗೆ ಮಾರಿತು; ಆಗಲೂ ಆ ಹೆಸರು ಫೆಂಡರ್ ಅವರದಾಗಲಿಲ್ಲ.

ಅವರು ಸುಮ್ಮನೆ ಕೂರಲಿಲ್ಲ. 1975ರಲ್ಲಿ ಮ್ಯೂಸಿಕ್ ಮ್ಯಾನ್ ಕಂಪನಿಯ ಅಧ್ಯಕ್ಷರಾದರು. 1979ರಲ್ಲಿ ಪತ್ನಿ ಎಸ್ತರ್ ತೀರಿಕೊಂಡರು. ಮರುವರ್ಷ ಫಿಲಿಸ್ ಅವರೊಡನೆ ವಿವಾಹವಾಯಿತು. ಅದೇ ದಿನಗಳಲ್ಲಿ ಹಳೆಯ ಸಂಗಾತಿ ಜಾರ್ಜ್ ಫುಲರ್ಟನ್ ಜೊತೆಗೂಡಿ ಜಿ ಆಂಡ್ ಎಲ್ ಎಂಬ ಕಂಪನಿಯನ್ನು ಕಟ್ಟಿದರು. ಜಾರ್ಜ್ ಮತ್ತು ಲಿಯೋ ಎಂಬ ಎರಡು ಹೆಸರುಗಳ ಮೊದಲಕ್ಷರಗಳವು. ತಮ್ಮ ಕುಲನಾಮವನ್ನು ಬಳಸಲು ಅವಕಾಶವಿಲ್ಲದ ಅವರಿಗೆ ಒಂದು ಅಕ್ಷರ ಉಳಿದಿತ್ತು.

ಪಾರ್ಕಿನ್ಸನ್ ಕಾಯಿಲೆ ಕೈಗಳನ್ನು ನಡುಗಿಸುತ್ತಿದ್ದರೂ ದಿನವೂ ಕಾರ್ಖಾನೆಗೆ ಬರುವುದನ್ನು ಬಿಡಲಿಲ್ಲ. 1991ರ ಮಾರ್ಚ್ 21ರಂದು, 81ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಅದರ ಹಿಂದಿನ ದಿನವೂ ಕೆಲಸಕ್ಕೆ ಬಂದಿದ್ದರು. ಮರುವರ್ಷ ರಾಕ್ ಸಂಗೀತದ ಕೀರ್ತಿಮಂದಿರದಲ್ಲಿ ಅವರ ಹೆಸರು ಸೇರಿತು. ಜಿ ಆಂಡ್ ಎಲ್ ಕಾರ್ಖಾನೆಯಲ್ಲಿ ಅವರ ಕೆಲಸದ ಕೋಣೆಯನ್ನು, ಅವರು ಬಿಟ್ಟುಹೋದ ಸ್ಥಿತಿಯಲ್ಲೇ, ಬಹುಕಾಲ ಕಾಯ್ದಿರಿಸಲಾಗಿತ್ತು.